ಪಕ್ಕದ ಮಗ್ಗದವಳಿಗೆ

ಹಿಂದಿನ ಕೋಣೆ, ಕಿಟಕಿಯ ಬಳಿ
ಬುಧವಾರ, ಹನ್ನೆರಡನೇ ತಾರೀಖು

ನನ್ನ ತಂಗೀ, ಕಡ್ಡೀ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ಎಣ್ಣೆ ಹಚ್ಚಿ ಶಾಖ ಕೊಟ್ಟುಕೋ ಎಂದರೆ ನೀನು ಎಣ್ಣೆ ಹಚ್ಚಿಕೊಂಡು ಶಾಖ ಮರೆಯುವವಳು. ನಿನ್ನ ಯಜಮಾನರ ಕೆಮ್ಮು ಹೇಗಿದೆ? ಮೂರು ತಿಂಗಳಿಂದ ನಿನ್ನ ಸುದ್ದಿಯೇ ಇಲ್ಲ. ಇರುವುದಾದರೂ ಹೇಗೆ, ನನ್ನ ಮನೆಯಲ್ಲಿ ನಿನಗೆ ಅನ್ನವಿಲ್ಲ ಎಂದವಳು ನಾನೇ ಅಲ್ಲವೇ. ಅಂದದ್ದು ತಪ್ಪು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಗೆಂದು ಇಟ್ಟುಕೊಂಡರೆ ಧೈರ್ಯ ಸಾಲುವುದಿಲ್ಲ. ಆದರೆ ನಿನ್ನ ಮೇಲೂ ನನಗೊಂದು ಕೋಪವಿದೆ, ಸುಳ್ಳು ಏಕೆ ಹೇಳಲಿ. ನೀನು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಅಡುಗೆಮನೆ ಬಾಗಿಲಿನಿಂದ ಮೂರು ಸಲ ಕೂಗಿದೆ, ಹೋಗಬೇಡ ನಿಲ್ಲೇ ಎಂದು. ನೀನು ತಿರುಗಿಯೂ ನೋಡಲಿಲ್ಲ. ಅಕ್ಕ ಬೈದಿದ್ದು ಕಿವಿಗೆ ಬಿತ್ತು, ಅಕ್ಕ ಕರೆದಿದ್ದು ಬೀಳಲಿಲ್ಲವೇ ಎಂದು ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಕೂತಿದ್ದೇನೆ.

ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಬಂದೆ. ಒಂದು ಸಲ ನಲ್ಲಿ ನೋಡಲು, ಇನ್ನೊಂದು ಸಲ ಬಾಗಿಲು ನೋಡಲು. ಹೋದ ತಿಂಗಳು ನಲ್ಲಿ ತೆರೆದಿಟ್ಟು ಕೋಣೆಗೆ ಬಂದು ಬಟ್ಟೆ ಮಡಚುತ್ತಾ ಕೂತುಬಿಟ್ಟೆ. ಪಾದಕ್ಕೆ ತಣ್ಣಗೆ ತಾಗಿದಾಗಲೇ ಗೊತ್ತಾಗಿದ್ದು ಅಡುಗೆಮನೆ ಕೆರೆಯಾಗಿದೆ ಎಂದು. ಅಂದಿನಿಂದ ಇದೇ ಕೆಲಸ ನನಗೆ: ಎದ್ದೆ, ನೋಡಿದೆ, ಕೂತೆ. ಯಾರಾದರೂ ಬಾಗಿಲು ತಟ್ಟಿ ತಟ್ಟಿ ವಾಪಸ್ಸು ಹೋದರೋ ಏನೋ ಎಂದು ದಿನಕ್ಕೆ ಇಪ್ಪತ್ತು ಸಲ ಚಿಲಕ ತೆಗೆಯುತ್ತೇನೆ. ಹೊರಗೆ ಯಾರೂ ಇರುವುದಿಲ್ಲ. ಕೂತರೆ ನಿಂತರೆ ಸಮಾಧಾನವಿಲ್ಲ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತೇನೆ.

ಹೌದು ಕಣೇ, ನಿನ್ನ ಅಕ್ಕನಿಗೆ ಕಿವಿ ಹೋಗಿದೆ. ಇವತ್ತು ನಿನ್ನೆಯದಲ್ಲವಂತೆ, ಮಗ್ಗದ ಸದ್ದಿಗೆ ಹತ್ತು ವರ್ಷದ ಹಿಂದಿನಿಂದಲೇ ಹೋಗುತ್ತಾ ಬಂದಿದೆಯಂತೆ. ಗೊತ್ತಾಗದೇ ಇದ್ದದ್ದು ಹೇಗೆ ಎಂದು ಮಗ ಕೇಳಿದ. ಅವನಿಗೇನು ಗೊತ್ತು, ನಮ್ಮ ಮಿಲ್ಲಿನ ಶೆಡ್ಡಿನಲ್ಲಿ ಕಿವಿ ಯಾರಿಗೆ ಬೇಕಿತ್ತು? ನೂರಿಪ್ಪತ್ತು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ದೇವರೇ ಬಂದು ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿ ನಾವು ತುಟಿಯಲ್ಲೇ ಮಾತಾಡಿದೆವು. ನಿನ್ನ ಮದುವೆಯ ಮಾತುಕತೆಯಿಂದ ಹಿಡಿದು ಮೇಸ್ತ್ರಿಯ ಹೊಸ ಹಲ್ಲುಸೆಟ್ಟಿನವರೆಗೆ ಎಲ್ಲ ಸುದ್ದಿಯೂ ಸದ್ದಿಲ್ಲದೆ ನಿನ್ನ ಮಗ್ಗದಿಂದ ನನ್ನ ಮಗ್ಗಕ್ಕೆ ಬರುತ್ತಿತ್ತು. ಬೆನ್ನು ತಿರುಗಿಸಿ ನಿಂತವರನ್ನು ಕರೆಯಬೇಕೆಂದರೆ ಕಡಿದುಬಿದ್ದ ನೂಲನ್ನು ಉಂಡೆ ಮಾಡಿ ಎಸೆಯುತ್ತಿದ್ದೆವು. ಇಪ್ಪತ್ತೊಂದು ವರ್ಷದಲ್ಲಿ ನಿನ್ನ ಬೆನ್ನಿಗೆ ಎಷ್ಟು ಉಂಡೆ ಎಸೆದಿದ್ದೇನೋ! ಒಂದು ಸಲ ಗುರಿ ತಪ್ಪಿ ಮೇಸ್ತ್ರಿಯ ಬೋಳುತಲೆಗೆ ಬಿದ್ದು, ಅವನು ತಿರುಗಿದಾಗ ನೀನೇ ಎಸೆದವಳ ಹಾಗೆ ತಲೆ ತಗ್ಗಿಸಿದ್ದೆ. ಆ ಶೆಡ್ಡಿನಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ.

ಮಿಲ್ಲು ಮುಚ್ಚಿ ಮನೆಗೆ ಬಂದ ಮೇಲೆ ಶುರುವಾಯಿತು ನೋಡು. ಮನೆಯವರು ನಡೆಯುತ್ತಾ ಮಾತಾಡುತ್ತಾರೆ, ಬೆನ್ನು ಹಾಕಿಕೊಂಡು ಮಾತಾಡುತ್ತಾರೆ, ಬಾಯಿಗೆ ತುತ್ತು ಇಟ್ಟುಕೊಂಡು ಮಾತಾಡುತ್ತಾರೆ. ನಾನು ಎಲ್ಲರೂ ನಕ್ಕಾಗ ನಕ್ಕೆ, ಎಲ್ಲದಕ್ಕೂ ಹೂಂ ಎಂದೆ. ಆಮೇಲೆ ಅದೂ ಸಾಕಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ಕೋಣ ನಾನೇ ಆದೆ. ಗೋಡೆಗೂ ಕಿವಿಯಿದೆಯಂತೆ, ಈ ಮನೆಯಲ್ಲಿ ನನಗಿಂತ ಗೋಡೆಯೇ ವಾಸಿ. ಮೊಮ್ಮಗಳು ಶಾಲೆಯ ಕಥೆ ಹೇಳಲು ಓಡಿ ಬರುತ್ತಿದ್ದವಳು ಒಂದು ದಿನ ಅರ್ಧಕ್ಕೇ ನಿಲ್ಲಿಸಿ, "ಹೋಗ್ಲಿ ಬಿಡಜ್ಜಿ, ಏನಿಲ್ಲ" ಎಂದಳು. ಅದು ಮಾತ್ರ ಚೆನ್ನಾಗಿ ಕೇಳಿಸಿತು. ಅವತ್ತು ಸ್ನಾನದಮನೆ ಬಾಗಿಲು ಹಾಕಿಕೊಂಡು ಅತ್ತೆ. ಕೇಳದೇ ಇರುವುದು ಒಂದು ಕಷ್ಟವಾದರೆ, ಕೇಳದ್ದನ್ನೆಲ್ಲ ಮನಸ್ಸು ತಾನೇ ತುಂಬಿಸಿಕೊಳ್ಳುತ್ತದಲ್ಲ, ಅದು ಅದಕ್ಕಿಂತ ದೊಡ್ಡ ಕಷ್ಟ. ಸೊಸೆ ಫೋನಿನಲ್ಲಿ ನಕ್ಕರೆ ನನ್ನನ್ನು ನೋಡಿಯೇ ನಗುತ್ತಾಳೆ ಎನಿಸುತ್ತಿತ್ತು. ಪಾಪ, ಅವಳು ತನ್ನ ತಾಯಿಯ ಹತ್ತಿರ ಮಾತಾಡುತ್ತಿದ್ದಳು.

ಆ ದಿನವೂ ಆದದ್ದು ಅಷ್ಟೇ. ನೀನು, ಮಗ, ಸೊಸೆ ಮೇಜಿನ ಸುತ್ತ ಕೂತಿದ್ದಿರಿ. ನೀನಂತೂ ಕುರ್ಚಿ ಎಳೆದುಕೊಂಡು ನನ್ನ ಮಗನ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿದ್ದೆ. ನಾನು ಒಳಗೆ ಬಂದೆ, ಮೂವರೂ ಬಾಯಿ ಮುಚ್ಚಿದಿರಿ. ನನ್ನ ಜೊತೆ ಇಪ್ಪತ್ತೊಂದು ವರ್ಷ ನಿಂತವಳೂ ಇವರ ಗುಂಪು ಸೇರಿದಳಲ್ಲ ಎಂದು ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಬಾಯಿಗೆ ಬಂದದ್ದನ್ನು ಅಂದೆ. ನನ್ನನ್ನು ಕಿವಿ ಡಾಕ್ಟರ ಹತ್ತಿರ ಹೇಗೆ ಒಪ್ಪಿಸಿ ಕರೆದುಕೊಂಡು ಹೋಗುವುದು ಎಂಬ ಮಾತು ನಡೆದಿತ್ತೆಂದು ಮಗ ಆಮೇಲೆ ಚೀಟಿಯಲ್ಲಿ ಬರೆದು ತೋರಿಸಿದ. ನಾನು ಚೀಟಿ ಹರಿದೆ. ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟೆ.

ನಿನ್ನೆ ಕೊನೆಗೂ ಹೋಗಿಬಂದೆ. ಬೀರುವಿನಷ್ಟೇ ಅಗಲದ ಒಂದು ಗೂಡು, ಗೋಡೆಗೆಲ್ಲ ಮೆತ್ತೆ, ಎದುರಿಗೊಂದು ಗಾಜಿನ ಕಿಟಕಿ. ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಬೇಕು ಎಂದು ಡಾಕ್ಟರು ಕೈಸನ್ನೆಯಲ್ಲಿ ಹೇಳಿದಳು. ಚಿಕ್ಕ ಹುಡುಗಿ, ನಮ್ಮ ಮಕ್ಕಳಿಗಿಂತ ಚಿಕ್ಕವಳು. ನಾನೇನು ಕಡಿಮೆಯವಳೇ, ಅವಳ ಮುಖ ನೋಡಿ ನೋಡಿ ಗುಂಡಿ ಒತ್ತುತ್ತಲೇ ಹೋದೆ. ಅವಳು ಬಾಗಿಲು ತೆರೆದು ನನ್ನೆದುರು ಕುಕ್ಕರುಗಾಲಿನಲ್ಲಿ ಕೂತು ನಿಧಾನವಾಗಿ ಹೇಳಿದಳು: "ಅಮ್ಮಾ, ಈಗ ನಾನು ಯಾವ ಸದ್ದೂ ಹಾಕಿರ್ಲಿಲ್ಲ." ಕಳ್ಳತನ ಸಿಕ್ಕಿಬಿದ್ದ ನಾಚಿಕೆಗೋ ಏನೋ, ಅಲ್ಲೇ ಗಳಗಳನೆ ಅತ್ತುಬಿಟ್ಟೆ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಜನ ಬೇಡ ಎನಿಸುತ್ತದೆಯೇ ಎಂದೆಲ್ಲ ಕೇಳಿದಳು. ಎಲ್ಲ ಬೇಡವೆನಿಸುತ್ತದೆ ಎಂದೆ. ಕಿವಿ ಹಿಂದೆ ಬಿದ್ದರೆ ಮನಸ್ಸೂ ಹಿಂದೆ ಬೀಳುತ್ತದೆ, ಅದು ಸೊಕ್ಕೂ ಅಲ್ಲ ಹುಚ್ಚೂ ಅಲ್ಲ ಎಂದು ಬರೆದುಕೊಟ್ಟಳು. ಮಗ ಅದನ್ನು ಓದಿ ಕನ್ನಡಕ ಒರೆಸಿಕೊಂಡ. ಮುಂದಿನ ವಾರ ಯಂತ್ರ ಹಾಕುತ್ತಾರೆ. ಹೋದದ್ದೆಲ್ಲ ವಾಪಸ್ಸು ಬರುವುದಿಲ್ಲವಂತೆ, ಸ್ವಲ್ಪ ಬಂದೀತಂತೆ.

ಮಗ, ಸೊಸೆ ನಿನಗೆ ನಮಸ್ಕಾರ ತಿಳಿಸಿದ್ದಾರೆ. ನಿನ್ನ ಮನೆಯವರಿಗೆ ನನ್ನ ನೆನಪು ಹೇಳು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ, ನೂರು ವರ್ಷ ಬಾಳು. ಕೋಪ ಇಳಿದಿದ್ದರೆ ಎರಡು ಸಾಲು ಬರೆ, ಇಳಿಯದಿದ್ದರೆ ಬೈದಾದರೂ ಬರೆ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಕವರು ಅಂಟಿಸಿದವಳು ಕಿತ್ತು ಬರೆಯುತ್ತಿದ್ದೇನೆ, ಮಗ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಹೊರಡುವಾಗ ಆ ಡಾಕ್ಟರು, ನಿಮ್ಮ ಪಕ್ಕದ ಮಗ್ಗದಲ್ಲಿ ಯಾರಿದ್ದರು ಎಂದು ಕೇಳಿದ್ದಳು. ನನ್ನ ತಂಗಿ ಎಂದು ಹೆಮ್ಮೆಯಿಂದ ಹೇಳಿ ಬಂದೆ, ಪೆದ್ದಿ ನಾನು, ಏಕೆ ಕೇಳಿದಳೆಂದು ಈಗ ಹೊಳೆಯಿತು. ಅದೇ ಸದ್ದು, ಅಷ್ಟೇ ವರ್ಷ. ಅವತ್ತು ನೀನು ನನ್ನ ಮಗನ ಹತ್ತಿರ ಪಿಸುಗುಡುತ್ತಿರಲಿಲ್ಲ, ಅವನ ತುಟಿ ನೋಡುತ್ತಿದ್ದೆ. ನಾನು ಬೈದಾಗ ನನ್ನ ಮುಖ ನಿನ್ನೆದುರಿಗಿತ್ತು, ಕರೆದಾಗ ನಿನ್ನ ಬೆನ್ನಿತ್ತು. ಕಡ್ಡೀ, ನೀನೂ ಹೋಗಿ ಕಿವಿ ತೋರಿಸು, ನಾಳೆಯೇ ತೋರಿಸು. ಇಪ್ಪತ್ತೊಂದು ವರ್ಷ ಬೆನ್ನ ಹಿಂದಿನಿಂದ ನಿನ್ನನ್ನು ಕೂಗದವಳು ಅವತ್ತು ಬುದ್ಧಿಗೆಟ್ಟು ಕೂಗಿದೆ. ಕವರಿನಲ್ಲಿ ನೂಲಿನ ಉಂಡೆ ಇಟ್ಟಿದ್ದೇನೆ. ತಿರುಗಿ ನೋಡೇ.