ಅವ್ವನ ಪಾಲಿಗೆ ಬಂದ ಡಬ್ಬಿ

ವಿಜಯಪುರ
ಫೆಬ್ರವರಿ ಮೂವತ್ತು, 2319

ನನ್ನ ಹಿರಿಯರೇ,

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ದಾನಮ್ಮ, ಕಳೆದ ವರ್ಷ ಈ ಊರಿನ ಗುಟ್ಟುಗಾತಿಯಾಗಿದ್ದೆ. ಹಾಗೆಂದರೇನು ಎಂದು ವಿವರಿಸುತ್ತೇನೆ. ನಿಜ ಹೇಳಬೇಕೆಂದರೆ ಸ್ವಲ್ಪ ಬೀಗುವುದಕ್ಕೇ ಈ ಪತ್ರ.

ನಿಮ್ಮ ಕಾಲದ ಜಾಹೀರಾತುಗಳು ನಮ್ಮ ಶಾಲೆಯಲ್ಲಿ ಪಾಠಕ್ಕಿವೆ. ಪ್ರೋಬಯಾಟಿಕ್ ಪುಡಿ, ವಿಟಮಿನ್ ಗುಳಿಗೆ, ಎಲ್ಲವೂ ಹೊಸ ಬದುಕನ್ನೇ ಕೊಡುತ್ತಿದ್ದವಂತೆ. ಮಕ್ಕಳು ಓದಿ ಬಿದ್ದು ಬಿದ್ದು ನಗುತ್ತಾರೆ. ನಮ್ಮಲ್ಲಿ ಅಂಥ ಮಾತನ್ನು ಡಬ್ಬಿಯ ಮೇಲೆ ಬರೆಯಬೇಕಾದರೆ ಮೊದಲು ಊರೇ ತಿಂದು ನೋಡಬೇಕು. ಅರ್ಧ ಜನರಿಗೆ ನಿಜವಾದ ಪುಡಿ, ಉಳಿದವರಿಗೆ ಅದೇ ಬಣ್ಣದ, ಅದೇ ರುಚಿಯ ಬರೀ ಹಿಟ್ಟು. ಯಾರಿಗೆ ಯಾವುದೆಂದು ಗುಟ್ಟುಗಾತಿ ಒಬ್ಬಳೇ ಕೂತು ಚೀಟಿ ಎತ್ತಿ ನಿರ್ಧರಿಸುತ್ತಾಳೆ. ನಿದ್ದೆ ಬಂತೇ, ಹೊಟ್ಟೆ ಹೇಗಿದೆ, ಯಾರೊಂದಿಗಾದರೂ ಕೂತು ಹರಟಿದಿರಾ ಎಂದು ವಾರವಾರ ವಿಚಾರಿಸುವವರು ಬೇರೆ ಇದ್ದಾರೆ. ನಿದ್ದೆ, ಹೊಟ್ಟೆ, ಹರಟೆ ಎಲ್ಲಕ್ಕೂ ಸೇರಿ ನಾವು 'ಬಾಳಿನ ಹದ' ಎನ್ನುತ್ತೇವೆ. ಡಬ್ಬಿಯ ಗುಟ್ಟು ಮಾತ್ರ ಗುಟ್ಟುಗಾತಿ ಒಬ್ಬಳಿಗೇ ಗೊತ್ತು. ವರ್ಷವಿಡೀ ಅವಳು ಊರಾಚೆಯ ಮನೆಯಲ್ಲಿರಬೇಕು, ಯಾರ ಮನೆಯಲ್ಲೂ ಉಣ್ಣಬಾರದು, ಸಂತೆಗೆ ಬಂದರೆ ಮುಖಕ್ಕೆ ಸೆರಗು. ಮುಖ ನೋಡಿಯೇ ಒಳಗಿನದನ್ನು ಓದುವ ಜನ ನಮ್ಮವರು. ಅಷ್ಟಾದರೂ ಕೊತ್ತಂಬರಿ ಮಾರುವಾಕೆ ಒಂದು ಸಿವುಡು ಹೆಚ್ಚಿಗೆ ಹಾಕಿ ನನ್ನ ಸೆರಗಿನೊಳಗೆ ಇಣುಕುತ್ತಿದ್ದಳು.

ಕಳೆದ ವರ್ಷ ಪರೀಕ್ಷೆಗೆ ಬಂದದ್ದು ನನ್ನ ಅವ್ವ ಗುರುಬಾಯಿಯ 'ಕರುಳುಗೆಳತಿ'. ಮೊಸರಿನ ಸೂಕ್ಷ್ಮಜೀವಿಗಳನ್ನು ಒಣಗಿಸಿ ಮಾಡಿದ ಪುಡಿ ಅದು. ಅವಳ ಅರ್ಧ ಆಯುಷ್ಯ ಅದಕ್ಕೇ ಸವೆದಿದೆ. ಇದರಿಂದ ಬಾಳೇ ಹಗುರಾಗುತ್ತದೆ ಎಂದು ಅವಳು ಊರ ತುಂಬ ಹೇಳಿಕೊಂಡಿದ್ದಳು, ಅವಳ ಮಾತು ನಿಲ್ಲುತ್ತದೋ ಬೀಳುತ್ತದೋ ಎಂದು ಊರು ಕಾದಿತ್ತು. ಮಾಡಿದವರೂ ತಿನ್ನಬೇಕೆಂಬುದು ಕಟ್ಟಳೆ. ಗುಟ್ಟು ಕಾಯುವ ಚೀಟಿ ಆ ವರ್ಷ ನನಗೇ ಬಂತು, ಹಿಟ್ಟಿನ ಚೀಟಿ ಅವ್ವನಿಗೆ.

ಮಂಡಿನೋವೆಂದು ಕೂತಲ್ಲೇ ಕೂರುತ್ತಿದ್ದ ಅವ್ವ ಕೆಲವೇ ತಿಂಗಳಲ್ಲಿ ಗೋಳಗುಮ್ಮಟ ಹತ್ತಿಳಿದಳು. "ನೋಡ್ರಿ, ನನ್ನ ಪುಡಿ ಹ್ಯಾಂಗ ಕೆಲಸ ಮಾಡ್ತು" ಎಂದು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಸೆರಗಿನ ಮರೆಯಲ್ಲಿ ನಾನು ತುಟಿ ಕಚ್ಚಿಕೊಂಡು ಬದನೆಕಾಯಿ ಆರಿಸುತ್ತಿದ್ದೆ.

ವರ್ಷ ತುಂಬಿದಾಗ ಚೌಕದಲ್ಲಿ ಫಲಿತಾಂಶ ಓದಿದರು. ಆಂಟಿಬಯಾಟಿಕ್ ನುಂಗಿದವರಿಗೆ ಆಗುವ ಭೇದಿ ಕರುಳುಗೆಳತಿಯಿಂದ ತುಸು ಕಡಿಮೆಯಾಗಿತ್ತು. ನಿದ್ದೆ, ಉಲ್ಲಾಸ, ಹರಟೆಗಳಲ್ಲಿ ಪುಡಿ ತಿಂದವರಿಗೂ ಹಿಟ್ಟು ತಿಂದವರಿಗೂ ವ್ಯತ್ಯಾಸವೇ ಇರಲಿಲ್ಲ. ಆಮೇಲೆ ಕಟ್ಟಳೆಯಂತೆ ನಾನು ಸೆರಗು ಸರಿಸಿ, ಒಬ್ಬೊಬ್ಬರಿಗೂ ಅವರ ಡಬ್ಬಿ ಯಾವುದೆಂದು ಹೇಳುತ್ತ ಬಂದೆ. ಅವ್ವನ ಸರದಿ ಬಂತು. "ಹಿಟ್ಟು, ಅವ್ವ" ಎಂದೆ.

ಅವ್ವ ಕೈಯಲ್ಲಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹಂಗಾರ ಗುಮ್ಮಟ ಹತ್ತಿದಾಕಿ ನಾನ ಅಲ್ಲೇನು?" ಎಂದಳು. ಡಬ್ಬಿಗಳ ಮೇಲೆ ಅಕ್ಷರ ಬರೆಯುವ ಬಣ್ಣದವನನ್ನು ಅಲ್ಲೇ ಕರೆದು, "ಬರಿ ತಮ್ಮಾ, ದೊಡ್ಡ ಅಕ್ಷರದಾಗ ಬರಿ" ಎಂದಳು. ಇಂದಿಗೂ ಅವಳ ಪ್ರತಿ ಡಬ್ಬಿಯ ಮೇಲೆ ಹೀಗಿದೆ: 'ಔಷಧಿಯಿಂದ ಹೊಟ್ಟೆ ಕೆಟ್ಟರೆ ತುಸು ಉಪಯೋಗ. ಬಾಳು ಹಗುರಾಗುವುದಿಲ್ಲ. ಮಾಡಿದಾಕೆ: ಗುರುಬಾಯಿ.' ಆ ಎರಡನೆಯ ಸಾಲನ್ನು ಓದುವಾಗಲೆಲ್ಲ ನನ್ನ ಎದೆಯುಬ್ಬುತ್ತದೆ.

ಹಿರಿಯರೇ, ನಿಮ್ಮಲ್ಲೊಂದು ಬೇಡಿಕೆ. ಯಾವುದೋ ಪುಡಿ ತಿಂದು ಬದುಕೇ ಬದಲಾಯಿತೆಂದು ಯಾರಾದರೂ ಹೇಳಿದರೆ ಅವರನ್ನು ಹಂಗಿಸಬೇಡಿ, ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಹಿಟ್ಟು ತಿಂದವರು ಹೇಗಿದ್ದಾರೆ ಎಂದು ಮಾತ್ರ ಕೇಳಿ.

ಅವ್ವ ಈಗಲೂ ಗುಮ್ಮಟ ಹತ್ತುತ್ತಾಳೆ. ಡಬ್ಬಿ ಮನೆಯಲ್ಲೇ ಇರುತ್ತದೆ.

ಇಂತಿ,
ಗುರುಬಾಯಿಯ ಮಗಳು