ಹೋಗುವವಳ ಕಿವಿ

ಮಾರ್ಚ್ ೧೧, ಮಂಗಳವಾರ

ಮಹಡಿ ಮನೆಯ ಅಕ್ಕನ ಮುಖ ಕಣ್ಣಿಗೆ ಕಟ್ಟಿದಂತಿದೆ, ನಿದ್ದೆ ಹತ್ತುತ್ತಿಲ್ಲ.

ಈ ಊರಿಗೆ ಬಂದದ್ದೇ ನಮ್ಮ ಯಜಮಾನರ ಸೇತುವೆ ಕಟ್ಟುವ ಕೆಲಸಕ್ಕೆ. ಅದು ಮುಗಿದೊಡನೆ ಮುಂದಿನ ಊರು. ಆದರೂ ಇಲ್ಲಿ ಮನಸ್ಸು ನಿಂತದ್ದು ಅಕ್ಕನಿಂದ. ದಿನಾ ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಾ ಅತ್ತೆಯ ಕಾಟ, ಗಂಡನ ಕುಡಿತ, ಎಲ್ಲ ತೋಡಿಕೊಳ್ಳುತ್ತಿದ್ದಳು. ನನ್ನನ್ನು ತಂಗಿಯೆಂದೇ ಬಗೆದಿದ್ದಾಳೆಂದು ಉಬ್ಬಿಹೋಗಿದ್ದೆ.

ಇವತ್ತು ಹಿಗ್ಗಿನಿಂದ ಹೇಳಿದೆ: "ಅಕ್ಕಾ, ಸೇತುವೆ ಕೆಲಸ ಈಗಲೇ ಮುಗಿಯಲ್ವಂತೆ. ಇನ್ನೆರಡು ವರ್ಷ ಇಲ್ಲೇ ಇರ್ತೀವಿ!"

ಅವಳ ಮುಖ ಸಪ್ಪಗಾಯಿತು. "ಅಯ್ಯೋ, ನೀನು ಹೋಗೋಳು ಅಂತ ತಾನೇ ಎಲ್ಲಾ ಬಾಯಿಬಿಟ್ಟಿದ್ದು!" ಎಂದವಳೇ ಹಸಿ ಬಟ್ಟೆಯನ್ನೇ ಬಾಚಿಕೊಂಡು ಇಳಿದುಹೋದಳು.

ತಂಗಿಯಂತೆ ತಂಗಿ! ನಾನು ಬರೀ ಚರಂಡಿ. ಸುರಿದದ್ದನ್ನು ಊರಾಚೆ ಒಯ್ಯಬೇಕಿತ್ತು, ಅಷ್ಟೇ.

ಇವರೋ, ಪಕ್ಕದ ಕೋಣೆಯಲ್ಲಿ ಶಿಳ್ಳೆ ಹಾಕುತ್ತಾ, ಬಂದಾಗಿನಿಂದ ಕಟ್ಟಿಯೇ ಇಟ್ಟಿದ್ದ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದಾರೆ.