ಯಾರಿಗೂ ಗುದ್ದದ ಚಾಲಕನಿಗೆ ಅನುಭವ ಇರುತ್ತದೆಯೇ?

ಚಾಲಕರ ಅನುಭವ ಪರಿಶೀಲಿಸಿ ಮೊಹರು ಒತ್ತುವ ಮಾನ್ಯ ಅಧಿಕಾರಿಗಳೇ,

ಹದಿನೆಂಟು ವರ್ಷ ಲಾರಿ ಓಡಿಸಿದ ನಾನು ಲಾರಿ ಓಡಿಸಿದ್ದಕ್ಕೆ ದಾಖಲೆ ಇಲ್ಲವೆಂದು ತಾವು ನನ್ನ ಅರ್ಜಿಯನ್ನು ಮೂರನೇ ಸಲ ವಾಪಸು ಕಳಿಸಿದ್ದೀರಿ. ಮೊದಲೆರಡು ಸಲ ಸಿಟ್ಟು ಬಂದಿತ್ತು. ಈ ಸಲ ಏನೂ ಬರಲಿಲ್ಲ. ತಮ್ಮ ಕಚೇರಿಯ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಹೆಂಡತಿ ಜಬೀನ ಊಟಕ್ಕೆ ಕರೆದಳಂತೆ, ನನಗೆ ಕೇಳಿಸಲಿಲ್ಲ.

ವಿಷಯ ಇಷ್ಟೇ. ನಮ್ಮ ಗುಡ್ಡದ ಮೇಲೆ ಹೊಸ ಗಾಳಿಯಂತ್ರ ನಿಲ್ಲಿಸುತ್ತಿರುವ ಕಂಪನಿಯೊಂದು ಅವುಗಳ ರೆಕ್ಕೆ ಸಾಗಿಸಲು ಟ್ರೇಲರ್ ಚಾಲಕರನ್ನು ಸೇರಿಸಿಕೊಳ್ಳುತ್ತಿದೆ. ಐದು ವರ್ಷದ ಅನುಭವ ಇದೆಯೆಂದು ತಮ್ಮ ಮೊಹರು ಬೇಕು. ಬರುವ ಸೋಮವಾರ ಕಡೆಯ ದಿನ. ನನಗೆ ನಲವತ್ತೇಳು ವರ್ಷ. ಈ ಕೆಲಸ ತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ. ರೋಣದ ಸಾವುಕಾರರೊಬ್ಬರ ಲಾರಿಯಲ್ಲಿ ಇಷ್ಟು ವರ್ಷ ಉಳ್ಳಾಗಡ್ಡಿ, ಶೇಂಗಾ, ಕಡಲೆ ಹೇರಿಕೊಂಡು ಹೋಗುತ್ತಿದ್ದೆ. ಅವರು ಹೋದ ವರ್ಷ ಲಾರಿ ಮಾರಿಬಿಟ್ಟರು. ನಮ್ಮ ಕಡೆ ಚಾಲಕನನ್ನು ಇಟ್ಟುಕೊಳ್ಳುವುದು ಬಾಯಿಮಾತಿನಲ್ಲಿ, ಬಿಡುವುದೂ ಬಾಯಿಮಾತಿನಲ್ಲಿ. ಅನುಭವದ ಪತ್ರ ಕೇಳಲು ಹೋದಾಗ ಸಾವುಕಾರರು ಕುರ್ಚಿ ಕೊಟ್ಟು ಕೂರಿಸಿ ಹೇಳಿದರು: “ಬರದು ಕೊಟ್ರ ನಾಳೆ ಅದನ್ನ ಹಿಡಕೊಂಡು ಲೇಬರ್ ಆಫೀಸಿನ್ಯಾವ್ರು ನನ್ನ ಮನಿಗೆ ಬರ್ತಾರ. ಬ್ಯಾರೆ ಏನರ ಕೇಳು ಇನಾಯತ, ಇಲ್ಲ ಅನ್ನಂಗಿಲ್ಲ.” ನನಗೆ ಬೇರೇನೂ ಬೇಕಿರಲಿಲ್ಲ, ಎದ್ದು ಬಂದೆ.

ತಮ್ಮೆದುರು ಲೈಸೆನ್ಸ್ ಇಟ್ಟೆ. ಅದು ಓಡಿಸಬಹುದು ಎನ್ನುತ್ತದೆಯೇ ಹೊರತು ಓಡಿಸಿದ್ದಾನೆ ಎನ್ನುವುದಿಲ್ಲ ಎಂದಿರಿ. ಒಪ್ಪಿದೆ. ಪ್ರತಿ ವರ್ಷ ದಸರೆಯ ಖಂಡೇಪೂಜೆಯ ದಿನ ಸಾವುಕಾರರು ಲಾರಿಗೆ ಹಾರ ಹಾಕಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ತೆಗೆಸುತ್ತಿದ್ದ ಫೋಟೋಗಳನ್ನು ಜಬೀನ ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. ಹದಿನಾಲ್ಕು ಸಿಕ್ಕವು. ಎಲ್ಲದರಲ್ಲೂ ನಂಬರ್ ಪ್ಲೇಟು ಸ್ಪಷ್ಟ. ನನ್ನ ಮೀಸೆ ಮಾತ್ರ ಬರಬರುತ್ತ ಬೆಳ್ಳಗಾಗಿದೆ. ತಾವು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, “ಇದರಾಗ ಲಾರಿ ನಿಂತೈತಲ್ಲೋ, ಓಡಿದ್ದೆಲ್ಲೈತಿ?” ಎಂದಿರಿ. ಸಿಬ್ಬಂದಿ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಮಾತು ಚೆನ್ನಾಗಿತ್ತು.

ಆಮೇಲೆ ತಾವು ದೊಡ್ಡ ಮನಸ್ಸು ಮಾಡಿ ಒಂದು ದಾರಿ ತೋರಿಸಿದಿರಿ. “ಆಕ್ಸಿಡೆಂಟ್ ಏನರ ಮಾಡಿಯೇನು? ಕೇಸ್ ಆಗಿದ್ರ ಕಾಗದದಾಗ ನಿನ್ನ ಹೆಸರು, ಗಾಡಿ ನಂಬರ್ ಎಲ್ಲಾ ಇರ್ತೈತಿ. ಅದು ನಡೀತೈತಿ.”

“ಇಲ್ರಿ ಸಾಹೇಬ್ರ, ಒಂದೂ ಆಗಿಲ್ರಿ” ಎಂದೆ.

“ಮತ್ತ ನಾ ಏನ್ ಮಾಡ್ಲೋ?” ಎಂದಿರಿ.

ಮಾನ್ಯರೇ, ನನ್ನ ಹೆಸರಿನಲ್ಲೂ ಒಂದು ಕೇಸು ಆಗುವುದಿತ್ತು. ಹನ್ನೊಂದು ವರ್ಷದ ಹಿಂದೆ ನಾನು ಸೂಡಿಯಲ್ಲಿ ತಂಗಿಯ ಮದುವೆಯಲ್ಲಿದ್ದಾಗ ಸಾವುಕಾರರ ಮಗ ಹುಮ್ಮಸ್ಸಿನಲ್ಲಿ ಲಾರಿ ತೆಗೆದುಕೊಂಡು ಹೋಗಿ ನರಗುಂದದ ಹತ್ತಿರ ಒಂದು ಸ್ಕೂಟರಿಗೆ ಗುದ್ದಿದ. ಸ್ಕೂಟರಿನವನ ಕಾಲು ಮುರಿಯಿತು. ಸಾವುಕಾರರು ಮದುವೆ ಮನೆಗೇ ಬಂದರು. “ನಿನ್ನ ಹೆಸರು ಬರಸೋಣು ಇನಾಯತ. ಹುಡುಗನ ಬಾಳೇವು ಹಾಳಾಗ್ತೈತಿ. ಬೇಲ್ ನಾ ಕೊಡಸ್ತೀನಿ.” ನಮ್ಮಲ್ಲಿ ಇದು ಹೊಸದಲ್ಲ, ಮಾಲೀಕನ ಮಗ ಗುದ್ದಿದರೆ ಚಾಲಕನ ಹೆಸರು ಬರೆಸುವುದು ರೂಢಿ. ನಾನು, “ಲಾರ್ಯಾಗ ನಾ ಇರ್ಲೇ ಇಲ್ರಿ. ಹ್ಯಾಂಗ ಹೂಂ ಅನ್ಲಿ?” ಎಂದೆ. ಅವರ ಗೋದಾಮಿನಲ್ಲಿ ಚೀಲ ತೂಗುತ್ತಿದ್ದವನೊಬ್ಬ ಲೈಸೆನ್ಸ್ ಮಾಡಿಸಿಟ್ಟುಕೊಂಡಿದ್ದ. ಅವನು ಹೂಂ ಅಂದ. “ಆರು ವರ್ಷಗಳಿಂದ ಸದರಿ ಲಾರಿಯ ಚಾಲಕ” ಎಂದು ಚಾರ್ಜ್‌ಶೀಟಿನಲ್ಲಿ ಬರೆಯಲಾಯಿತು. ಮುಂದೆ ಸಾಕ್ಷಿಗಳು ತಿರುಗಿಬಿದ್ದು ಅವನು ಖುಲಾಸೆಯಾದ. ಅಪರಾಧ ಹೋಯಿತು, ಅನುಭವ ಉಳಿಯಿತು.

ಹೋದ ತಿಂಗಳು ಅವನು ಅನುಭವದ ದಾಖಲೆಯೆಂದು ತಂದಿಟ್ಟ ಅದೇ ಕಾಗದ ನೋಡಿ ತಾವು ಮೊಹರು ಒತ್ತಿದ್ದೀರಿ. ಅವನ ಹೆಸರು ಬರೆಯಲಾರೆ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ತಾವು ತಪ್ಪು ಮಾಡಿದಿರಿ ಎಂದೂ ಹೇಳಲಾರೆ. ಕಾಗದ ಸರಿಯಾಗಿಯೇ ಇತ್ತು. ಕಂಪನಿಯವರು ತಮ್ಮ ಮೊಹರು ನೋಡಿ ಕೆಲಸ ಕೊಟ್ಟರು. ಕೆಲಸ ಸಿಕ್ಕ ಮೂರನೇ ದಿನ ಅವನು ನನ್ನ ಮನೆಗೆ ಬಂದ. ಬಾಗಿಲಲ್ಲೇ ನಿಂತು, “ಅಣ್ಣಾ, ನನಗ ರಿವರ್ಸ್ ತಗಿಯಾಕ ಬರಂಗಿಲ್ಲ. ಕಲಸ್ತೀಯೇನು?” ಎಂದ.

ಕಲಿಸುತ್ತಿದ್ದೇನೆ. ದಿನಾ ಮುಂಜಾನೆ ಪರಿಚಯದವರ ಹಳೆಯ ಲಾರಿಯೊಂದನ್ನು ಬಯಲಿಗೆ ತಂದು, ಎರಡು ಕಲ್ಲಿಟ್ಟು, ಹಿಂದೆ ನಿಂತು ಕೈ ಮಾಡುತ್ತೇನೆ. ಅವನ ಟ್ರೇಲರ್ ಲಕ್ಕಲಕಟ್ಟಿಯ ಶಾಲೆಯ ಮುಂದೆ ಹಾಯ್ದು ಹೋಗುವುದಿದೆ, ಕಲಿಸದೆ ಬಿಡಲು ಧೈರ್ಯ ಸಾಲದು. ಅನುಭವ ಇಲ್ಲದವನು ಅನುಭವಸ್ಥನಿಗೆ ಪಾಠ ಮಾಡುವುದಕ್ಕೆ ತಮ್ಮ ಕಚೇರಿಯ ಅನುಮತಿ ಬೇಕಾಗುತ್ತದೆಯೇ? ಬೇಕಿದ್ದರೆ ಅದಕ್ಕೂ ಒಂದು ಅರ್ಜಿ ಕೊಡುತ್ತೇನೆ.

ನಿನ್ನೆ ಜಬೀನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, “ಅವತ್ತ ಹೂಂ ಅಂದಿದ್ರ ಚಲೋ ಇತ್ತೇನ್ರಿ?” ಎಂದು ಕೇಳಿದಳು. ಹನ್ನೊಂದು ವರ್ಷದಲ್ಲಿ ಆಕೆ ಈ ಪ್ರಶ್ನೆ ಕೇಳಿರಲಿಲ್ಲ. ಇಲ್ಲ ಎಂದು ಹೇಳಬೇಕಿತ್ತು. “ಹಂಚಿನ ಮ್ಯಾಲಿನ ರೊಟ್ಟಿ ಹೊತ್ತೀತು ನೋಡು” ಎಂದೆ. ನನಗೆ ನಾಚಿಕೆಯಾದದ್ದು ಆಗ, ತಮ್ಮ ಕಚೇರಿಯಲ್ಲಲ್ಲ.

ಹಾಗಾಗಿ ಮೊಹರು ಕೇಳುವುದನ್ನು ಬಿಟ್ಟಿದ್ದೇನೆ. ಶನಿವಾರದೊಳಗೆ ತಿರಸ್ಕಾರದ ಕಾರಣವನ್ನಾದರೂ ಬರವಣಿಗೆಯಲ್ಲಿ ಕೊಡಿ. ತಮಗೆ ಶ್ರಮವಾಗಬಾರದೆಂದು ನಾನೇ ಬರೆದಿಟ್ಟಿದ್ದೇನೆ: “ಅರ್ಜಿದಾರನು ಹದಿನೆಂಟು ವರ್ಷ ಲಾರಿ ಓಡಿಸಿಯೂ ಯಾರಿಗೂ ಗುದ್ದದೇ ಇರುವುದರಿಂದ, ಆತ ಲಾರಿ ಓಡಿಸಿದ್ದಕ್ಕೆ ದಾಖಲೆ ಇರುವುದಿಲ್ಲ.” ಕೆಳಗೆ ತಮ್ಮ ಸಹಿ ಇರಲಿ. ನಾನು ಹದಿನೆಂಟು ವರ್ಷ ಲಾರಿ ಓಡಿಸಿದ್ದೇನೆಂದು ಸರಕಾರ ಬರೆದುಕೊಟ್ಟ ಮೊದಲ ಕಾಗದ ಅದಾಗುತ್ತದೆ. ಸೋಮವಾರ ಕಂಪನಿಗೆ ಅದನ್ನೇ ಕೊಡುತ್ತೇನೆ.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ಸ್ಟಿಯರಿಂಗ್ ಮುಟ್ಟದ,
ಇನಾಯತ
ಗಜೇಂದ್ರಗಡ